ಇದ್ದೂ ಇಲ್ಲದ ಫೈಲು

ಮಾಡ್ಯುಲರ್ ಸಾಫ್ಟ್‌ವೇರ್ ಅಂದರೆ ಏನು ಅಂತ ಯಾವ ಟೆಕ್ಕಿಯನ್ನು ಕೇಳಿದರೂ ಅವರ ಕಣ್ಣು ಹೊಳೆಯುತ್ತದೆ. ವೈಟ್‌ಬೋರ್ಡಿನ ಮೇಲೆ ಚೌಕಗಳು ಬೀಳುತ್ತವೆ, ಚೌಕದಿಂದ ಚೌಕಕ್ಕೆ ಬಾಣಗಳು ಓಡುತ್ತವೆ. ಬಿಲ್ಲಿಂಗ್ ಒಂದು ಮಾಡ್ಯೂಲ್, ಸ್ಟಾಕ್ ಇನ್ನೊಂದು, ಪ್ರಿಂಟಿಂಗ್ ಮತ್ತೊಂದು. ಎಲ್ಲದಕ್ಕೂ ಬೇಕಾದದ್ದು ‘ಕೋರ್’, ಎಲ್ಲಿಗೂ ಸೇರದ್ದು ‘ಕಾಮನ್’. ಒಂದು ಮಾಡ್ಯೂಲಿನ ಹೊಟ್ಟೆಯೊಳಗೆ ಏನಿದೆ ಎಂದು ಇನ್ನೊಂದಕ್ಕೆ ತಿಳಿಯಬಾರದು ಎಂಬುದೇ ಈ ವಿನ್ಯಾಸದ ಹೆಗ್ಗಳಿಕೆ. ಅದು ಎಷ್ಟರಮಟ್ಟಿಗೆ ಸಿದ್ಧಿಸಿದೆಯೆಂದರೆ, ಈಗ ಎಷ್ಟೋ ಮಾಡ್ಯೂಲುಗಳಿಗೆ ತಮ್ಮ ಹೊಟ್ಟೆಯೊಳಗೇ ಏನಿದೆ ಎಂದು ತಿಳಿಯುವುದಿಲ್ಲ.

ಸೇವ್ ಬಟನ್ನಿನ ಮೇಲೆ ಕೂರಬೇಕಾದ ಫ್ಲಾಪಿಯ ಚಿತ್ರವನ್ನೇ ತೆಗೆದುಕೊಳ್ಳಿ. 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ. ಫ್ಲಾಪಿ ಸತ್ತು ಯಾವ ಕಾಲವಾಯಿತೋ, ಅದರ ಫೋಟೋ ಮಾತ್ರ ಇನ್ನೂ ಗೋಡೆಯ ಮೇಲಿದೆ. ಆ ಚಿತ್ರ ಪ್ರೋಗ್ರಾಮಿನ ಜೊತೆಗೇ ಪ್ಯಾಕ್ ಆಗಿದೆ, ಜೊತೆಗೇ ಇನ್‌ಸ್ಟಾಲ್ ಆಗಿದೆ, ಜೊತೆಗೇ ನಿಮ್ಮ ಹಾರ್ಡ್‌ಡಿಸ್ಕಿನ ಜಾಗ ತಿನ್ನುತ್ತಿದೆ. ಆದರೂ ಪ್ರೋಗ್ರಾಮು ಅದನ್ನು ಹುಡುಕಿ ಸಿಗಲಿಲ್ಲ ಎನ್ನುತ್ತದೆ. ಅಷ್ಟು ಹೇಳಿದರೆ ಪುಣ್ಯ. ಹೆಚ್ಚಿನ ಸಲ ಅದನ್ನೂ ಹೇಳದೆ, ಬೋಳು ಬಟನ್ ತೋರಿಸಿ ಸುಮ್ಮನಿದ್ದುಬಿಡುತ್ತದೆ. ಇಂಥ ಚಿತ್ರ, ಬಟನ್ನಿನ ಮೇಲಿನ ಬರಹ, ಬಿಲ್ಲಿನ ನಮೂನೆ, ತಪ್ಪಾದಾಗ ಟಿಂಗ್ ಎನ್ನುವ ಸದ್ದು, ಹೀಗೆ ಕೋಡ್ ಅಲ್ಲದೆಯೂ ಕೋಡಿನ ಜೊತೆ ಬರುವ ಸಾಮಾನಿಗೆಲ್ಲ ರಿಸೋರ್ಸ್ ಎಂದು ಹೆಸರು. ನಾನು ಹೇಳಹೊರಟಿರುವುದು ಈ ಸಾಮಾನು ಕಳೆದುಹೋಗುವ ಕಥೆ. ಕಳೆದುಹೋಗುವುದು ಅನ್ನುವುದೂ ತಪ್ಪೇ, ಅದು ಇಟ್ಟಲ್ಲೇ ಇರುತ್ತದೆ.

ಇದರ ಹಿಂದಿನ ಉದ್ದೇಶ ಬಹಳ ಒಳ್ಳೆಯದಿತ್ತು. 1984ರಲ್ಲಿ ಆಪಲ್‌ನ ಮೊದಲ ಮ್ಯಾಕಿಂತೋಷ್ ಬಂದಾಗ ಅದರಲ್ಲಿ ರಿಸೋರ್ಸ್ ಮ್ಯಾನೇಜರ್ ಎಂಬ ಏರ್ಪಾಡಿತ್ತು. ಬ್ರೂಸ್ ಹಾರ್ನ್ ಎಂಬಾತ ಬರೆದದ್ದು. ಮೆನುವಿನ ಮಾತು, ಐಕಾನು, ಡೈಲಾಗ್ ಪೆಟ್ಟಿಗೆ ಇವನ್ನೆಲ್ಲ ಕೋಡಿನಿಂದ ಬೇರ್ಪಡಿಸಿ ಫೈಲಿನ ಇನ್ನೊಂದು ಕವಲಿನಲ್ಲಿ ಇಟ್ಟರೆ, ಬೇರೆ ಭಾಷೆಗೆ ತರುವವರು ಕೋಡ್ ಮುಟ್ಟದೆಯೇ ಮಾತು ಬದಲಿಸಿಕೊಳ್ಳಬಹುದು. ಎಂಥ ಉದಾರ ಯೋಚನೆ! ಆದರೆ ಅದೇ ಫೈಲನ್ನು ಡಾಸ್ ಮಾದರಿಯ ಡಿಸ್ಕಿಗೆ ಕಾಪಿ ಮಾಡಿದರೆ ಒಂದು ಕವಲು ಮಾತ್ರ ಹೋಗಿ, ರಿಸೋರ್ಸಿನ ಕವಲು ಇಲ್ಲೇ ಉಳಿದುಬಿಡುತ್ತಿತ್ತು. ಅಂದರೆ ರಿಸೋರ್ಸು ಹುಟ್ಟಿದ ಗಳಿಗೆಯಲ್ಲೇ ಕಾಣೆಯಾಗುವ ಯೋಗವನ್ನೂ ಪಡೆದುಕೊಂಡು ಬಂದಿತ್ತು.

ಅಲ್ಲಿಂದ ನೇರ ಬೆಂಗಳೂರಿಗೆ ಬನ್ನಿ. ಔಟರ್ ರಿಂಗ್ ರೋಡಿನ ಒಂದು ಆಫೀಸು. ಜಾವಾದಲ್ಲಿ ಬರೆದ ಬಿಲ್ಲಿಂಗ್ ಸಾಫ್ಟ್‌ವೇರು. ತಿಂಗಳುಗಟ್ಟಲೆ ಕೋಡ್ ಬರೆಯುವ ಐಡಿಇಯೊಳಗೆ ಹಸಿರು ಬಾಣದ ಗುರುತು ಒತ್ತಿ ಒತ್ತಿ ಓಡಿಸಿದ್ದಾರೆ. ಪ್ರತಿ ಸಲವೂ ಐಕಾನು ಬಂದಿದೆ, ಲೋಗೋ ಬಂದಿದೆ, ಸ್ಪ್ಲಾಷ್ ಸ್ಕ್ರೀನಿನಲ್ಲಿ ಕಂಪನಿಯ ಹೆಸರು ಮಿಂಚಿದೆ. ಗುರುವಾರ ಸಂಜೆ ಅದನ್ನೆಲ್ಲ ಜಾರ್ ಫೈಲಾಗಿ ಕಟ್ಟಿ, ಶುಕ್ರವಾರ ಬೆಳಿಗ್ಗೆ ಗಿರಾಕಿಯ ಬಟ್ಟೆ ಅಂಗಡಿಯ ಕಂಪ್ಯೂಟರಿಗೆ ಹಾಕುತ್ತಾರೆ.

“ಏನಪ್ಪಾ ಇದು, ಬಟನ್ನೆಲ್ಲ ಬೋಳು ಬೋಳು ಕಾಣ್ತಿದೆ?”

“ಸಾರ್, ನನ್ನ ಮಷೀನಲ್ಲಿ ಬರ್ತಿದೆ ಸಾರ್.”

“ನಿನ್ನ ಮಷೀನಲ್ಲಿ ನಾನು ಬಿಲ್ ಹಾಕ್ಲಾ?”

ಆ ಹುಡುಗ ಸುಳ್ಳು ಹೇಳುತ್ತಿಲ್ಲ. ಅವನ ಮಷೀನಿನಲ್ಲಿ ನಿಜವಾಗಿಯೂ ಬರುತ್ತಿದೆ. ಏಕೆಂದರೆ ಅವನು ಚಿತ್ರದ ವಿಳಾಸವನ್ನು ‘ಎಸ್‌ಆರ್‌ಸಿ, ಅದರೊಳಗೆ ಮೇನ್, ಅದರೊಳಗೆ ರಿಸೋರ್ಸಸ್’ ಎಂದು ಬರೆದಿದ್ದಾನೆ. ಅದು ಮೇವೆನ್ ಎಂಬ ಬಿಲ್ಡ್ ಸಾಧನ ಹಾಕಿಕೊಟ್ಟ ಫೋಲ್ಡರ್ ಸಂಪ್ರದಾಯ. ಅವನ ಲ್ಯಾಪ್‌ಟಾಪಿನಲ್ಲಿ ಆ ಫೋಲ್ಡರ್ ಇದೆ. ಬಟ್ಟೆ ಅಂಗಡಿಯಲ್ಲಿ ಅದು ಇಲ್ಲ, ಇರಲೂಬಾರದು. ಅದು ಸೋರ್ಸ್ ಕೋಡ್ ಇಡುವ ಜಾಗ. ಪ್ಯಾಕ್ ಆದ ಮೇಲೆ ಚಿತ್ರವು ಜಾರ್ ಎಂಬ ಜಿಪ್ ಕಟ್ಟಿನ ಒಳಗಿನ ಒಂದು ನಮೂದು ಅಷ್ಟೇ. ಆಪರೇಟಿಂಗ್ ಸಿಸ್ಟಮ್ಮಿನ ಲೆಕ್ಕದಲ್ಲಿ ಅದು ಫೈಲೇ ಅಲ್ಲ. ಫೈಲ್ ಅಲ್ಲದ್ದನ್ನು ಫೈಲ್ ಎಂದು ತೆರೆಯಹೊರಟರೆ ಜಾವಾ ಒಂದು ಘನವಾದ ದೂರು ಕೊಡುತ್ತದೆ: ‘ಯುಆರ್‌ಐ ಈಸ್ ನಾಟ್ ಹೈರಾರ್ಕಿಕಲ್’. ಶ್ರೇಣೀಕರಣ ಇಲ್ಲ ಅಂತ ಈ ದೇಶದಲ್ಲಿ ಯಾರಾದರೂ ದೂರು ಕೊಟ್ಟದ್ದಿದ್ದರೆ ಅದು ಇದೊಂದೇ ಇರಬೇಕು.

ಆಮೇಲೆ ಸಣ್ಣಪುಟ್ಟ ಕಾರಣಗಳು. ವಿಂಡೋಸ್‌ನ ಫೋಲ್ಡರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಜಾರ್ ಒಳಗೆ ಇದೆ. ಹಾಗಾಗಿ ದೊಡ್ಡ ಎಲ್‌ನಿಂದ ಶುರುವಾಗುವ ಲೋಗೋ ಚಿಕ್ಕಕ್ಷರದಲ್ಲಿ ಕೇಳಿದರೆ ಮನೆಯಲ್ಲಿ ಸಿಗುತ್ತದೆ, ಹೊರಗೆ ಸಿಗುವುದಿಲ್ಲ. ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಒತ್ತಿದಾಗ ಪ್ರೋಗ್ರಾಮು ತಾನು ಎಲ್ಲಿ ನಿಂತಿದ್ದೇನೆಂದು ತಿಳಿದುಕೊಳ್ಳುತ್ತದೋ ಅದು ಐಡಿಇಯಲ್ಲಿ ನಿಂತ ಜಾಗವಲ್ಲ. ಇನ್ನು ‘ಪ್ರೋಗ್ರಾಮ್ ಫೈಲ್ಸ್’ ಎಂಬ ಫೋಲ್ಡರಿನ ಹೆಸರಿನ ಮಧ್ಯೆ ಒಂದು ಖಾಲಿ ಜಾಗ. ವಿಳಾಸವನ್ನು ಯುಆರ್‌ಎಲ್ ಆಗಿ ಪಡೆದರೆ ಆ ಖಾಲಿ ಜಾಗದಲ್ಲಿ ‘ಪರ್ಸೆಂಟ್ 20’ ಎಂದು ಬಂದು ಕೂರುತ್ತದೆ, ಅದನ್ನು ಹಾಗೇ ಫೈಲಿನ ಹೆಸರೆಂದು ಕೊಟ್ಟರೆ ಅಂಥ ಫೋಲ್ಡರೇ ಇಲ್ಲ. ಪರ್ಸೆಂಟ್ ಎಂದೊಡನೆ ಕರ್ನಾಟಕದ ಓದುಗರಿಗೆ ಬೇರೆ ಲೆಕ್ಕ ನೆನಪಾಗಬಹುದು. ಇದು ಅದಲ್ಲ, ಇದರಲ್ಲಿ ಯಾರಿಗೂ ಏನೂ ಸಿಗುವುದಿಲ್ಲ.

ಸರಿ, ಬುದ್ಧಿ ಬಂತು. ಫೈಲ್ ಎಂದು ತೆರೆಯಬಾರದು, ರಿಸೋರ್ಸ್ ಎಂದೇ ಕೇಳಬೇಕು ಎಂದು ಹಿರಿಯರು ಉಪದೇಶಿಸುತ್ತಾರೆ. ಕೇಳುವುದಕ್ಕೆ ಜಾವಾದಲ್ಲಿ ಎರಡು ಬಾಗಿಲು. ಒಂದು ಕ್ಲಾಸಿನ, ಅಂದರೆ ಕೋಡಿನ ಒಂದು ಘಟಕದ ಮೂಲಕ, ಇನ್ನೊಂದು ಕ್ಲಾಸುಗಳನ್ನು ಹೊತ್ತು ತರುವ ಕ್ಲಾಸ್‌ಲೋಡರಿನ ಮೂಲಕ. ಎರಡಕ್ಕೂ ‘ಗೆಟ್‌ರಿಸೋರ್ಸ್’ ಎಂದೇ ಹೆಸರು. ಕ್ಲಾಸಿನ ಬಾಗಿಲಲ್ಲಿ ವಿಳಾಸದ ಮುಂದೆ ಒಂದು ಸ್ಲ್ಯಾಶ್ ಹಾಕಿದರೆ ಬುಡದಿಂದ ಹುಡುಕುತ್ತದೆ, ಹಾಕದಿದ್ದರೆ ಆ ಕ್ಲಾಸ್ ಇರುವ ಪ್ಯಾಕೇಜಿನಿಂದ, ಅಂದರೆ ಅದರ ಫೋಲ್ಡರಿನಿಂದ ಹುಡುಕುತ್ತದೆ. ಕ್ಲಾಸ್‌ಲೋಡರಿನ ಬಾಗಿಲಲ್ಲಿ ಯಾವಾಗಲೂ ಬುಡದಿಂದಲೇ ಹುಡುಕಾಟ, ಸ್ಲ್ಯಾಶ್ ಹಾಕಿದರೆ ಕೆಟ್ಟಿತು. ಒಂದು ಓರೆಗೆರೆಗಾಗಿ ಬೆಂಗಳೂರಿನಲ್ಲಿ ಎಷ್ಟು ಶುಕ್ರವಾರದ ಸಂಜೆಗಳು ಹಾಳಾಗಿವೆ ಎಂದು ಲೆಕ್ಕ ಹಾಕುವವರಿಲ್ಲ.

ಇದಕ್ಕಿಂತ ಸೊಗಸು, ಸಿಗದಿದ್ದಾಗ ಬರುವ ಉತ್ತರ. ‘ನೀವು ಸ್ಲ್ಯಾಶ್ ತಪ್ಪು ಹಾಕಿದ್ದೀರಿ’ ಎನ್ನುವುದಿಲ್ಲ. ‘ಇಂಥ ಕಡೆ ಹುಡುಕಿದೆ, ಅಲ್ಲಿ ಇರಲಿಲ್ಲ’ ಎನ್ನುವುದಿಲ್ಲ. ನಲ್ ಎಂಬ ‘ಏನೂ ಇಲ್ಲ’ವನ್ನು ಮೆಲ್ಲಗೆ ಕೈಗಿಟ್ಟು ಹೋಗುತ್ತದೆ. ಈ ನಲ್‌ನ ಜನಕ ಟೋನಿ ಹೋರ್. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ಅದನ್ನು ಸೇರಿಸಿದರು, ಮತ್ತು 2009ರಲ್ಲಿ ಲಂಡನ್ನಿನ ಒಂದು ಸಮಾವೇಶದಲ್ಲಿ ಅದು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಒಪ್ಪಿಕೊಂಡರು. ದೊಡ್ಡವರು. ನಮ್ಮ ಹುಡುಗರು ಆ ನಲ್ ಅನ್ನು ನೋಡದೆಯೇ ಮುಂದಿನ ಸಾಲಿಗೆ ದಾಟಿಸುತ್ತಾರೆ, ಅದು ಹತ್ತು ಸಾಲು ಸಾಗಿ ಯಾವುದೋ ಸಂಬಂಧವಿಲ್ಲದ ಜಾಗದಲ್ಲಿ ನಲ್ ಪಾಯಿಂಟರ್ ಎಕ್ಸೆಪ್ಷನ್ ಆಗಿ ಸಿಡಿಯುತ್ತದೆ. ಪರದೆ ಕಟ್ಟುವ ಜಾವಾಎಫ್‌ಎಕ್ಸ್‌ನಲ್ಲಾದರೆ ‘ಲೊಕೇಶನ್ ಈಸ್ ನಾಟ್ ಸೆಟ್’ ಎಂಬ ತತ್ತ್ವಜ್ಞಾನದ ವಾಕ್ಯ. ಅದೇ ಕೆಲಸದ ಇನ್ನೊಂದು ಸಾಧನ ಸ್ವಿಂಗ್‌ನಲ್ಲಿ ಇಮೇಜ್‌ಐಕಾನ್‌ಗೆ ಇಲ್ಲದ ಫೈಲಿನ ಹೆಸರನ್ನು ಕೊಟ್ಟು ನೋಡಿ. ಏನೂ ಆಗುವುದಿಲ್ಲ. ದೂರಿಲ್ಲ, ಎಕ್ಸೆಪ್ಷನ್ ಇಲ್ಲ, ಚಿತ್ರವೂ ಇಲ್ಲ.

ಇಷ್ಟಾದ ಮೇಲೆ ಪ್ರತಿ ಪ್ರಾಜೆಕ್ಟಿನಲ್ಲೂ ಒಬ್ಬ ಪುಣ್ಯಾತ್ಮ ‘ರಿಸೋರ್ಸ್‌ಯುಟಿಲ್’ ಎಂಬ ಕ್ಲಾಸ್ ಬರೆಯುತ್ತಾನೆ. ನಾನು ಕಂಡ ಎಲ್ಲ ರಿಸೋರ್ಸ್‌ಯುಟಿಲ್‌ಗಳೂ ಒಂದೇ ಅಚ್ಚಿನವು. ಮೊದಲು ಸ್ಲ್ಯಾಶ್ ಹಾಕಿ ಕೇಳು, ಸಿಗದಿದ್ದರೆ ತೆಗೆದು ಕೇಳು, ಸಿಗದಿದ್ದರೆ ಕ್ಲಾಸ್‌ಲೋಡರನ್ನು ಕೇಳು, ಅದೂ ಆಗದಿದ್ದರೆ ಥ್ರೆಡ್ಡಿನ ಕ್ಲಾಸ್‌ಲೋಡರನ್ನು ಕೇಳು, ಎಲ್ಲಿಯೂ ಆಗದಿದ್ದರೆ ಎಸ್‌ಆರ್‌ಸಿ ಫೋಲ್ಡರಿನಲ್ಲಿ ನೋಡು. ಪ್ರತಿ ಹಂತದ ತಪ್ಪನ್ನೂ ನುಂಗು. ಮೇಲೊಂದು ಕಾಮೆಂಟು: ‘ದಯವಿಟ್ಟು ಇದನ್ನು ಮುಟ್ಟಬೇಡಿ, ಹೇಗೋ ಓಡುತ್ತಿದೆ’. ಬರೆದವನು ಕೆಲಸ ಬಿಟ್ಟು ಬೇರೆ ಕಂಪನಿಗೆ ಹೋಗಿರುತ್ತಾನೆ, ಅಲ್ಲಿ ಇನ್ನೊಂದು ರಿಸೋರ್ಸ್‌ಯುಟಿಲ್ ಬರೆಯುತ್ತಿರುತ್ತಾನೆ. ಈ ಕ್ಲಾಸನ್ನು ಎಲ್ಲರಿಗೂ ಬೇಕಾಗುತ್ತದೆಂದು ‘ಕಾಮನ್’ ಮಾಡ್ಯೂಲಿನಲ್ಲಿ ಇಡುತ್ತಾರೆ. ಅಲ್ಲಿಂದ ಎರಡನೆಯ ಅಂಕ ಶುರು.

ಜಾವಾಕ್ಕೆ ಮಾಡ್ಯೂಲ್ ಬೇಕೆಂದು ಜಿಗ್‌ಸಾ ಎಂಬ ಯೋಜನೆ ಆರಂಭವಾದದ್ದು 2008ರಲ್ಲಿ. ಜಾವಾ 7ರಲ್ಲಿ ಬರುತ್ತದೆ ಎಂದರು, ಬರಲಿಲ್ಲ. 8ರಲ್ಲಿ ಎಂದರು, ಬರಲಿಲ್ಲ. ನಮ್ಮ ಮೇಲ್ಸೇತುವೆಗಳ ವೇಗವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. 2017ರ ಮೇ ತಿಂಗಳಲ್ಲಿ ಜಾವಾದ ಕಾರ್ಯಕಾರಿ ಸಮಿತಿಯ ಮುಂದೆ ಮತಕ್ಕೆ ಬಂದಾಗ ಪರವಾಗಿ 10, ವಿರುದ್ಧವಾಗಿ 13 ಮತ ಬಂದು ಬಿದ್ದೇಹೋಯಿತು. ಐಬಿಎಂ, ರೆಡ್ ಹ್ಯಾಟ್ ಇಬ್ಬರೂ ಬೇಡ ಎಂದಿದ್ದರು. ಜೂನ್‌ನಲ್ಲಿ ಮತ್ತೆ ಮತ ಹಾಕಿದಾಗ 24 ಮಂದಿ ಹೌದೆಂದರು, ರೆಡ್ ಹ್ಯಾಟ್ ಮಾತ್ರ ತಟಸ್ಥವಾಗಿ ಕೂತಿತು. ಸೆಪ್ಟೆಂಬರಿನಲ್ಲಿ ಜಾವಾ 9 ಬಂತು. ಎರಡು ತಿಂಗಳೂ ತುಂಬುವ ಮೊದಲೇ ಇಷ್ಟು ಮಂದಿಯ ಮನಸ್ಸು ಹೇಗೆ ತಿರುಗಿತು ಎಂಬುದನ್ನು ನಮ್ಮ ರೆಸಾರ್ಟ್ ರಾಜಕಾರಣದ ಪರಿಣತರು ಅಭ್ಯಾಸ ಮಾಡಬೇಕು.

ಹೊಸ ಕಾನೂನಿನ ಪ್ರಕಾರ ಮಾಡ್ಯೂಲಿನ ಒಳಗಿನ ಪ್ಯಾಕೇಜಿನಲ್ಲಿ ಇರುವ ರಿಸೋರ್ಸು ಆ ಮಾಡ್ಯೂಲಿನ ಸ್ವಂತ ಆಸ್ತಿ. ಬೇರೆ ಮಾಡ್ಯೂಲ್ ಬಂದು ಕೇಳಿದರೆ ಸಿಗಬೇಕಾದರೆ ಆ ಪ್ಯಾಕೇಜನ್ನು ‘ಓಪನ್ಸ್’ ಎಂದು ಬಾಯಿಬಿಟ್ಟು ಘೋಷಿಸಿರಬೇಕು. ‘ಎಕ್ಸ್‌ಪೋರ್ಟ್ಸ್’ ಎಂದು ಬರೆದರೆ ಸಾಲದು, ಅದು ಕೋಡಿಗೆ ಮಾತ್ರ. ನಮ್ಮ ರಿಸೋರ್ಸ್‌ಯುಟಿಲ್ ಕೂತಿರುವುದು ಕಾಮನ್‌ನಲ್ಲಿ, ಬಿಲ್ಲಿನ ನಮೂನೆ ಇರುವುದು ಬಿಲ್ಲಿಂಗ್‌ನಲ್ಲಿ. ಮೊದಲು ಐದು ದಾರಿಯಲ್ಲಿ ಹುಡುಕಿ ಒಂದರಲ್ಲಾದರೂ ಸಿಗುತ್ತಿದ್ದದ್ದು ಈಗ ಐದರಲ್ಲೂ ಸಿಗುವುದಿಲ್ಲ.

ಇಲ್ಲಿ ಗಮನಿಸಬೇಕಾದ್ದು ಉತ್ತರ ಕೊಡುವ ರೀತಿ. ಕಲ್ಯಾಣ ಮಂಟಪದ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಹಿರಿಯರೊಬ್ಬರು ಪ್ರತಿ ಮದುವೆಯಲ್ಲೂ ಇರುತ್ತಾರಲ್ಲ, ಹುಡುಗನ ಕಡೆಯ ಅಡುಗೆಯವನು ಬಂದು ಸಕ್ಕರೆ ಕೇಳಿದರೆ ಅವರು ‘ಕೊಡುವುದಿಲ್ಲ’ ಎನ್ನುವುದಿಲ್ಲ, ‘ಸಕ್ಕರೆ ಇಲ್ಲ’ ಎನ್ನುತ್ತಾರೆ. ಹಿಂದೆ ಮೂಟೆ ಕಾಣುತ್ತಿರುತ್ತದೆ. ಜಾವಾದ ಮಾಡ್ಯೂಲ್ ವ್ಯವಸ್ಥೆ ಇದೇ ಶಾಲೆಯಲ್ಲಿ ಓದಿದ್ದು. ನಿನಗೆ ಅಧಿಕಾರವಿಲ್ಲ ಎಂದು ಹೇಳಿದ್ದರೆ ಹುಡುಗ ಹತ್ತು ನಿಮಿಷದಲ್ಲಿ ಒಂದು ಸಾಲು ಬರೆದು ಮುಗಿಸುತ್ತಿದ್ದ. ಅದು ಕೊಡುವುದು ಅದೇ ಹಳೆಯ ನಲ್. ಹಾಗಾಗಿ ಅವನು ಇರುವ ಫೈಲನ್ನು ಇಲ್ಲವೆಂದು ನಂಬಿ, ಬಿಲ್ಡ್ ಮತ್ತೆ ಮಾಡಿ, ಜಾರ್ ಬಿಚ್ಚಿ ನೋಡಿ, ಇದೆಯಲ್ಲ ಎಂದು ಕಣ್ಣುಜ್ಜಿಕೊಂಡು, ಮತ್ತೆ ಸ್ಲ್ಯಾಶ್ ಹಾಕಿ ತೆಗೆಯಲು ಕೂರುತ್ತಾನೆ.

ಇಷ್ಟು ಭದ್ರವಾದ ಬೀಗಕ್ಕೆ ಒಂದು ಕಿಂಡಿಯೂ ಇದೆ, ಅದೂ ಕಾನೂನಿನಲ್ಲೇ ಬರೆದಿಟ್ಟದ್ದು. ಫೋಲ್ಡರಿನ ಹೆಸರು ಜಾವಾ ಪ್ಯಾಕೇಜಿನ ಹೆಸರಾಗಲು ಲಾಯಕ್ಕಿಲ್ಲದಿದ್ದರೆ ಅದಕ್ಕೆ ಬೀಗ ಅನ್ವಯಿಸುವುದಿಲ್ಲ. ಅಂದರೆ ಫೋಲ್ಡರಿಗೆ ‘ಐಕಾನ್ಸ್’ ಎಂದು ಸಭ್ಯ ಹೆಸರಿಟ್ಟರೆ ಯಾರಿಗೂ ಸಿಗದು, ಮಧ್ಯೆ ಒಂದು ಅಡ್ಡಗೆರೆ ಎಳೆದು ‘ಮೈ-ಐಕಾನ್ಸ್’ ಎಂದಿಟ್ಟರೆ ಎಲ್ಲರಿಗೂ ಸಿಗುತ್ತದೆ. ಒಂಬತ್ತು ವರ್ಷ ಚರ್ಚಿಸಿ, ಎರಡು ಸಲ ಮತ ಹಾಕಿ ಕಟ್ಟಿದ ಕೋಟೆಯೊಳಗೆ ಹೋಗಲು ಒಂದು ಹೈಫನ್ ಸಾಕು.

ಜಾವಾದವರಷ್ಟೇ ಹೀಗೆಂದು ಭಾವಿಸಬೇಡಿ. ಎಕ್ಲಿಪ್ಸ್ ಎಂಬ ಐಡಿಇಯವರು 2004ರಲ್ಲೇ ಓಎಸ್‌ಜಿಐ ಎಂಬ ಮಾಡ್ಯೂಲ್ ಪದ್ಧತಿ ಅಳವಡಿಸಿಕೊಂಡರು. ಅಲ್ಲಿ ಪ್ಲಗಿನ್ ಬರೆಯುವವರಿಗೆ ‘ಬಿಲ್ಡ್ ಡಾಟ್ ಪ್ರಾಪರ್ಟೀಸ್’ ಎಂಬ ಫೈಲಿದೆ. ಅದರಲ್ಲಿ ಐಕಾನ್ಸ್ ಫೋಲ್ಡರಿನ ಹೆಸರು ಸೇರಿಸಲು ಮರೆತರೆ, ಬರೆಯುವವರ ಮುಂದೆ ಓಡುವಾಗ ಎಲ್ಲ ಸರಿ, ಗಿರಾಕಿಗೆ ಎಕ್ಸ್‌ಪೋರ್ಟ್ ಮಾಡಿದಾಗ ಐಕಾನು ಇಲ್ಲ. ಆದರೆ ಅವರನ್ನು ಮೆಚ್ಚಬೇಕು. ಸಿಗದ ಚಿತ್ರದ ಜಾಗದಲ್ಲಿ ಒಂದು ಪುಟ್ಟ ಕೆಂಪು ಚೌಕ ತೋರಿಸುವ ಏರ್ಪಾಡು ಮಾಡಿಟ್ಟಿದ್ದಾರೆ. ಇಲ್ಲದ್ದನ್ನು ಇಲ್ಲವೆಂದು ಕೆಂಪಾಗಿ ಹೇಳುವಷ್ಟು ಪ್ರಾಮಾಣಿಕತೆ ಈ ಉದ್ಯಮದಲ್ಲಿ ಅಪರೂಪ. ಪರದೆ ಕಟ್ಟಲು ಮೈಕ್ರೋಸಾಫ್ಟ್ ಕೊಟ್ಟ ಡಬ್ಲ್ಯೂಪಿಎಫ್ ಕಡೆಯ ಕಥೆ ಬೇರೆ. ಅಲ್ಲಿ ರಿಸೋರ್ಸಿನ ವಿಳಾಸದಲ್ಲಿ ‘ಅಪ್ಲಿಕೇಶನ್’ ಎಂಬ ಮಾತಿನ ಮುಂದೆ ಕೋಲನ್, ಅದರ ಮುಂದೆ ಸಾಲಾಗಿ ಮೂರು ಅಲ್ಪವಿರಾಮ. ತಪ್ಪು ಮುದ್ರಣವಲ್ಲ, ಮೂರು ಸ್ಲ್ಯಾಶ್ ಇರಬೇಕಾದಲ್ಲಿ ಅಲ್ಪವಿರಾಮ ಹಾಕಿಕೊಂಡಿದ್ದಾರೆ. ಮೂರು ಸಲ ಉಸಿರು ಬಿಟ್ಟು ಮುಂದೆ ಹೋಗಿ ಎಂದು ಅರ್ಥ ಮಾಡಿಕೊಂಡರೆ ಅಡ್ಡಿಯಿಲ್ಲ.

ಐಕಾನು ಬರದಿದ್ದರೆ ಅಂಗಡಿಯ ಯಜಮಾನರು ಬೈಯುತ್ತಾರೆ. ಬೈಗುಳ ಬಿದ್ದರೆ ರಿಪೇರಿ ಆಗುತ್ತದೆ. ಬೈಯುವವರೇ ಇಲ್ಲದ ಒಂದು ಫೈಲಿದೆ. ಅದು ಕನ್ನಡದ ಫೈಲು.

ಜಾವಾದಲ್ಲಿ ಬಟನ್ನಿನ ಮಾತುಗಳನ್ನು ಪ್ರಾಪರ್ಟೀಸ್ ಫೈಲಿನಲ್ಲಿ ಇಡುತ್ತಾರೆ. ಇಂಗ್ಲಿಷಿನದು ‘ಮೆಸೇಜಸ್’, ಕನ್ನಡದ್ದು ‘ಮೆಸೇಜಸ್ ಅಂಡರ್‌ಸ್ಕೋರ್ ಕೆಎನ್’. 1997ರ ಜಾವಾ 1.1ರಿಂದ ಈ ಪದ್ಧತಿ ಇದೆ. ಆ ಫೈಲನ್ನು ಲ್ಯಾಟಿನ್-1 ಎಂಬ ಪಶ್ಚಿಮ ಯುರೋಪಿನ ಅಕ್ಷರಪಟ್ಟಿಯಲ್ಲಿ ಮಾತ್ರ ಓದುತ್ತೇವೆ ಎಂದು ಅಂದೇ ತೀರ್ಮಾನವಾಯಿತು. ಫ್ರೆಂಚರಿಗೆ, ಜರ್ಮನ್ನರಿಗೆ ಅನುಕೂಲ. ಕನ್ನಡಿಗ ಏನು ಮಾಡಬೇಕಿತ್ತು? ಪ್ರತಿ ಅಕ್ಷರವನ್ನೂ ಅದರ ಯುನಿಕೋಡ್ ಸಂಖ್ಯೆಯಾಗಿ ಬರೆಯಬೇಕಿತ್ತು. ‘ಕ’ ಬೇಕೆಂದರೆ ಬ್ಯಾಕ್‌ಸ್ಲ್ಯಾಶ್, ಯು, ಸೊನ್ನೆ, ಸಿ, ಒಂಬತ್ತು, ಐದು. ‘ಕನ್ನಡ’ ಎಂಬ ಪದಕ್ಕೆ ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ ಸೇರಿ ಐದು ಸಂಕೇತ. ಒಂದೊಂದಕ್ಕೆ ಆರು ಕೀ. ಒಟ್ಟು 30 ಕೀ ಒತ್ತಿದರೆ ತಾಯ್ನುಡಿಯ ಹೆಸರು ಮೂಡುತ್ತದೆ. ಇದಕ್ಕೆಂದೇ ‘ನೇಟಿವ್‌ಟುಆಸ್ಕಿ’ ಎಂಬ ಸಾಧನವನ್ನು ಕೊಟ್ಟಿದ್ದರು. ಅನುವಾದಕರು ಅಚ್ಚುಕಟ್ಟಾಗಿ ‘ಉಳಿಸು’, ‘ಅಳಿಸು’, ‘ರಸೀದಿ ಮುದ್ರಿಸು’ ಎಂದು ಬರೆದುಕೊಡುತ್ತಿದ್ದರು, ಸಾಧನ ಅದನ್ನು ಸಂಖ್ಯೆಗಳ ಗೊಂಚಲಾಗಿಸುತ್ತಿತ್ತು. ಆಮೇಲೆ ಅದರಲ್ಲಿ ಕಾಗುಣಿತದ ತಪ್ಪಿದೆಯೇ ಎಂದು ನೋಡಬೇಕಾದರೆ ಯುನಿಕೋಡ್ ಪಟ್ಟಿ ಬಾಯಿಪಾಠವಿರಬೇಕಿತ್ತು.

ಸಾಧನ ಓಡಿಸಲು ಮರೆತರೆ ಏನಾಗುತ್ತದೆ ಎಂಬುದು ನೋಡತಕ್ಕ ದೃಶ್ಯ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಮೂರು ಬೈಟ್. ಅದನ್ನು ಲ್ಯಾಟಿನ್-1 ಎಂದು ಓದಿದರೆ ಪ್ರತಿ ಅಕ್ಷರದ ಜಾಗದಲ್ಲೂ ಮೊದಲು ತಲೆಯ ಮೇಲೆ ಓರೆಗೀಟು ಹೊತ್ತ ಫ್ರೆಂಚ್ ಎ ಬಂದು ನಿಲ್ಲುತ್ತದೆ. ಅದರ ಹೆಗಲ ಮೇಲೆ ಗಣಿತದ ವರ್ಗದ ಚಿಹ್ನೆಯಾದ ಪುಟ್ಟ ಎರಡು, ಇಲ್ಲವೇ ಘನದ ಪುಟ್ಟ ಮೂರು. ಇದರಲ್ಲಿ ಒಂದು ಶಿಸ್ತೂ ಇದೆ: ಸ್ವರಕ್ಕೆ, ವ್ಯಂಜನಕ್ಕೆ, ಗುಡಿಸಿಗೆ ವರ್ಗ, ಅಲ್ಲಿಂದಾಚೆಯ ಕೊಂಬು, ಏತ್ವ, ಓತ್ವ, ಅರ್ಧಾಕ್ಷರದ ಗುರುತು, ಕನ್ನಡದ ಅಂಕೆ ಎಲ್ಲಕ್ಕೂ ಘನ. ಪರದೆಯ ತುಂಬ ಎ ವರ್ಗ, ಎ ಘನ. ಗಿರಾಕಿ ಇದನ್ನು ಬೀಜಗಣಿತವೆಂದು ತಿಳಿದು ಭಯದಿಂದ ಇಂಗ್ಲಿಷಿಗೆ ಮರಳುತ್ತಾನೆ.

2017ರ ಜಾವಾ 9ರಲ್ಲಿ ಕರುಣೆ ಬಂತು. ರಿಸೋರ್ಸ್‌ಬಂಡಲ್ ಎಂಬ ಜಾವಾದ ಸಿದ್ಧ ಏರ್ಪಾಡಿನ ಮೂಲಕ ಓದುವ ಪ್ರಾಪರ್ಟೀಸ್ ಫೈಲು ಇನ್ನು ಮುಂದೆ ಯುಟಿಎಫ್-8 ಎಂದರು. ನೇಟಿವ್‌ಟುಆಸ್ಕಿಯನ್ನೂ ತೆಗೆದುಹಾಕಿದರು. ಆದರೆ ಅದೇ ಫೈಲನ್ನು ಪ್ರಾಪರ್ಟೀಸ್ ಕ್ಲಾಸಿನ ‘ಲೋಡ್’ಗೆ ಇನ್‌ಪುಟ್‌ಸ್ಟ್ರೀಮ್ ಕೊಟ್ಟು ಓದಿದರೆ ಇವತ್ತಿಗೂ ಲ್ಯಾಟಿನ್-1. ನಮ್ಮ ರಿಸೋರ್ಸ್‌ಯುಟಿಲ್ ಓದುವುದು ಯಾವ ಬಾಗಿಲಿನಿಂದ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಸರಿಯಾದ ಬಾಗಿಲಿನಿಂದ ಹೋದರೂ ಒಂದು ಷರತ್ತು: ಇಡೀ ಫೈಲಿನಲ್ಲಿ ಯುಟಿಎಫ್-8ಕ್ಕೆ ಒಗ್ಗದ ಒಂದು ಬೈಟ್ ಸಿಕ್ಕರೂ ಮತ್ತೆ ಮೊದಲಿನಿಂದ ಲ್ಯಾಟಿನ್-1 ಎಂದು ಓದುತ್ತದೆ.

ಇನ್ನು ಕನ್ನಡದ ಫೈಲು ಸಿಗಲೇ ಇಲ್ಲ ಎನ್ನಿ, ಆಗ ಹುಡುಕಾಟದ ಕ್ರಮ ಹೀಗಿದೆ. ಮೊದಲು ಭಾರತದ ಕನ್ನಡ, ಆಮೇಲೆ ಬರೀ ಕನ್ನಡ. ಎರಡೂ ಇಲ್ಲದಿದ್ದರೆ ಆ ಕಂಪ್ಯೂಟರಿನ ಡೀಫಾಲ್ಟ್ ಭಾಷೆ, ಅದೂ ಇಲ್ಲದಿದ್ದರೆ ಮೂಲದ ಇಂಗ್ಲಿಷ್ ಫೈಲು. ಮ್ಯೂನಿಕ್‌ನಲ್ಲಿರುವ ಕನ್ನಡಿಗನೊಬ್ಬ ಆಫೀಸಿನ ಜರ್ಮನ್ ಲ್ಯಾಪ್‌ಟಾಪಿನಲ್ಲಿ ಆಸೆಯಿಂದ ಕನ್ನಡ ಆಯ್ದುಕೊಂಡರೆ, ಆ ಸಾಫ್ಟ್‌ವೇರಿಗೆ ಜರ್ಮನ್ ಫೈಲೂ ಇದ್ದ ಪಕ್ಷದಲ್ಲಿ, ಜರ್ಮನ್ ಬರುತ್ತದೆ. ಕನ್ನಡ ಕೇಳಿದವನಿಗೆ ಕನಿಷ್ಠ ಇಂಗ್ಲಿಷಾದರೂ ಸಿಗುವ ನಮ್ಮೂರಿನ ಸೌಭಾಗ್ಯ ಅಲ್ಲಿಲ್ಲ. ಯಾವ ದೂರೂ ಲಾಗಿಗೆ ಬೀಳುವುದಿಲ್ಲ, ಏಕೆಂದರೆ ವ್ಯವಸ್ಥೆಯ ಕಣ್ಣಿನಲ್ಲಿ ತಪ್ಪೇನೂ ನಡೆದಿಲ್ಲ. ಫೈಲು ಕೇಳಿದರು, ಒಂದು ಫೈಲು ಕೊಟ್ಟೆ.

‘ನಿನ್ನ ಮಷೀನಲ್ಲಿ ನಾನು ಬಿಲ್ ಹಾಕ್ಲಾ’ ಎಂದ ಯಜಮಾನರ ಮಾತನ್ನು ಉದ್ಯಮ ಗಂಭೀರವಾಗಿಯೇ ತೆಗೆದುಕೊಂಡಿತು. ಈಗ ಸಾಫ್ಟ್‌ವೇರಿನ ಜೊತೆ ಜಾವಾದ ತುಣುಕನ್ನೂ ಕಟ್ಟಿ ಕಳಿಸುತ್ತಾರೆ. ಬೇಕಾದ ಮಾಡ್ಯೂಲುಗಳನ್ನು ಮಾತ್ರ ಆರಿಸಿಕೊಳ್ಳಲು ಜೇಲಿಂಕ್ ಎಂಬ ಸಾಧನ, ಅದನ್ನು ಇನ್‌ಸ್ಟಾಲರ್ ಮಾಡಲು 2021ರಿಂದ ಜೇಪ್ಯಾಕೇಜ್. ಹೊರೆ ಇಳಿಸುವ ಈ ಉತ್ಸಾಹದಲ್ಲಿ ಮೊದಲು ಕೆಳಗೆ ಬೀಳುವುದು ‘ಜೇಡಿಕೆ ಲೊಕೇಲ್‌ಡೇಟಾ’ ಎಂಬ ಮಾಡ್ಯೂಲು. ಜಗತ್ತಿನ ಭಾಷೆಗಳ ತಿಂಗಳ ಹೆಸರು, ವಾರದ ಹೆಸರು, ಅಂಕೆ ಬರೆಯುವ ಕ್ರಮ ಎಲ್ಲ ಇರುವುದು ಅದರಲ್ಲಿ. ಅಮೆರಿಕದ ಇಂಗ್ಲಿಷ್ ಮಾತ್ರ ಮೂಲ ಮಾಡ್ಯೂಲಿನಲ್ಲೇ ಬರುತ್ತದೆ. ಉಳಿದವರನ್ನು ಹೆಸರು ಹಿಡಿದು ಕೂಗಿ ಕರೆಯದಿದ್ದರೆ ಅವರು ಬಸ್ಸು ಹತ್ತುವುದಿಲ್ಲ. ಹಾಗಾಗಿ ಬಿಲ್ಲಿನ ಮೇಲೆ ‘ರಸೀದಿ’ ಎಂದು ಕನ್ನಡದಲ್ಲಿ ಬಂದು, ಅದರ ಪಕ್ಕದಲ್ಲೇ ‘ಫೆಬ್ರವರಿ’ ಇಂಗ್ಲಿಷಿನಲ್ಲಿ ಬಂದರೆ ಅದು ಅನುವಾದಕರ ಸೋಮಾರಿತನವಲ್ಲ.

ಆರು ತಿಂಗಳ ನಂತರ ಪ್ರಾಡಕ್ಟ್ ಮ್ಯಾನೇಜರರ ಮೀಟಿಂಗು.

“ಕನ್ನಡ ಆಪ್ಷನ್ ಯೂಸೇಜ್ ಎಷ್ಟಿದೆ?”

“ಹತ್ತಿರ ಹತ್ತಿರ ಝೀರೋ, ಮೇಡಂ. ಒಂದ್ಸಲ ಸೆಲೆಕ್ಟ್ ಮಾಡ್ತಾರೆ, ಎರಡು ನಿಮಿಷಕ್ಕೆ ವಾಪಸ್ ಇಂಗ್ಲಿಷಿಗೆ ಹೋಗ್ತಾರೆ.”

“ನೋಡಿದ್ರಾ? ನಾನು ಮೊದಲೇ ಹೇಳಿದ್ದೆ. ಬೆಂಗಳೂರಲ್ಲಿ ಯಾರಿಗೂ ಕನ್ನಡ ಬೇಕಾಗಿಲ್ಲ. ಮುಂದಿನ ರಿಲೀಸಿನಲ್ಲಿ ತೆಗೆದುಬಿಡಿ.”

ಆ ಎರಡು ನಿಮಿಷ ಗಿರಾಕಿ ಏನು ನೋಡಿದ ಎಂದು ಆ ಮೀಟಿಂಗಿನಲ್ಲಿ ಯಾರೂ ಕೇಳುವುದಿಲ್ಲ. ಅವನು ನೋಡಿದ್ದು ಎ ವರ್ಗ, ಎ ಘನ. ಅಥವಾ ಬದಲಾಗದೆ ಹಾಗೇ ನಿಂತ ಇಂಗ್ಲಿಷ್. ಅಂಕಿ ಅಂಶ ಮಾತ್ರ ಅಪ್ಪಟ ಸತ್ಯ, ಚಾರ್ಟೂ ಚೆನ್ನಾಗಿ ಬಂದಿದೆ. ಹೀಗೆ, ತೆರೆಯಲಾಗದ ಫೈಲೊಂದು ಜನರಿಗೆ ಬೇಡವಾದ ಭಾಷೆಯಾಗಿ ದಾಖಲಾಗುತ್ತದೆ. ನನ್ನ ಸಿಟ್ಟೆಲ್ಲ ಇರುವುದು ಇಲ್ಲಿ. ಸ್ಲ್ಯಾಶ್ ತಪ್ಪುವುದು ಮನುಷ್ಯ ಸಹಜ, ನಲ್ ಬರುವುದು ಜಾವಾ ಸಹಜ. ಬಂದ ನಲ್ ಅನ್ನು ನುಂಗಿ, ಅದರ ಮೇಲೆ ಮಾರುಕಟ್ಟೆಯ ಅಧ್ಯಯನ ಬರೆಯುವುದು ಮಾತ್ರ ಯಾವ ಸಹಜಕ್ಕೂ ಸೇರದು.

ಇದಕ್ಕೆ ಮದ್ದು ದುಬಾರಿಯದಲ್ಲ ಎಂಬುದು ಇನ್ನೂ ಸಿಟ್ಟು ಬರಿಸುವ ಸಂಗತಿ. ಪ್ರತಿ ಮಾಡ್ಯೂಲೂ ತನ್ನ ರಿಸೋರ್ಸನ್ನು ತಾನೇ ತೆರೆದು ಬೇರೆಯವರಿಗೆ ಕೊಟ್ಟರೆ ಉಗ್ರಾಣದ ಜಗಳವೇ ಇರುವುದಿಲ್ಲ. ಸ್ವಂತ ಮಾಡ್ಯೂಲಿನೊಳಗೆ ಬೀಗವೇ ಇಲ್ಲ. ಪ್ರೋಗ್ರಾಮು ಶುರುವಾಗುವಾಗಲೇ ಬೇಕಾದ ಫೈಲುಗಳೆಲ್ಲ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ಹೆಸರು ಹಿಡಿದು ಕಿರುಚುವ ನಾಲ್ಕು ಸಾಲನ್ನು ಯಾರು ಬೇಕಾದರೂ ಬರೆಯಬಹುದು. ಬಿಡುಗಡೆಗೆ ಮುಂಚೆ, ಸೋರ್ಸ್ ಕೋಡಿನ ಗಾಳಿಯೂ ಸೋಕದ ಒಂದು ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡಿ, ಭಾಷೆಯನ್ನು ಕನ್ನಡಕ್ಕೆ ಇಟ್ಟು, ಒಂದು ಬಿಲ್ ಹಾಕಿ ನೋಡಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಯಾವ ಸ್ಪ್ರಿಂಟಿನಲ್ಲೂ ಸಿಗುವುದಿಲ್ಲ, ಅದೂ ಬೀಗ ಬಿದ್ದ ಒಂದು ರಿಸೋರ್ಸು.

ಓದುಗರಲ್ಲಿ ಒಂದು ಕೋರಿಕೆ. ಯಾವುದಾದರೂ ಜಾವಾ ಸಾಫ್ಟ್‌ವೇರಿನಲ್ಲಿ ಕನ್ನಡ ಆಯ್ದುಕೊಂಡು ಇಂಗ್ಲಿಷೇ ಬಂದರೆ, ಕನ್ನಡಕ್ಕೆ ಯಾರೂ ಕೆಲಸ ಮಾಡಿಲ್ಲ ಎಂದು ತಕ್ಷಣ ತೀರ್ಮಾನಿಸಬೇಡಿ. ಅದರ ಜಾರ್ ಫೈಲಿನ ಒಂದು ಪ್ರತಿ ಮಾಡಿಕೊಂಡು, ಕೊನೆಯ ಮೂರಕ್ಷರವನ್ನು ಜಿಪ್ ಎಂದು ಬದಲಿಸಿ, ಬಿಚ್ಚಿ ನೋಡಿ. ಕೆಎನ್ ಎಂದು ಕೊನೆಯಾಗುವ ಪ್ರಾಪರ್ಟೀಸ್ ಫೈಲು ಕಂಡರೆ ಅದರ ಸ್ಕ್ರೀನ್‌ಶಾಟ್ ತೆಗೆದು ಕಂಪನಿಗೆ ಕಳಿಸಿ. ಕನ್ನಡ ಬೇಕು ಎಂದು ಬರೆಯುವ ಅಗತ್ಯವಿಲ್ಲ. ನಿಮ್ಮ ಹತ್ತಿರ ಇದೆ, ತೆರೆಯಿರಿ ಎಂದು ಬರೆದರೆ ಸಾಕು.